ಇಬ್ಬರು ಯಜಮಾನರು, ಒಂದು ಗಡಿಯಾರ

ನಾನೊಂದು ಕಂಪ್ಯೂಟರ್. ಹುಟ್ಟಿದ್ದು ಯಾವುದೋ ಕಾರ್ಖಾನೆಯ ಸಾಲಿನಲ್ಲಿ. ಹುಟ್ಟುತ್ತಲೇ ಹೊಟ್ಟೆಗೆ ವಿಂಡೋಸ್ ತುಂಬಿದರು. ಮೊದಲು ಒಂದು ಟೈಪಿಂಗ್ ಶಾಲೆಯಲ್ಲಿ ಕಂಡಕಂಡವರ ಬೆರಳಿನ ಗುದ್ದು ತಿಂದೆ. ಅಲ್ಲಿ ಬೇಡವಾದ ಮೇಲೆ ಪುತ್ತೂರಿನ ಜೋಯಿಸರಾದ ಕೇಶವ ಭಟ್ಟರ ಜಗಲಿಗೆ ಬಂದೆ. ಇನ್ನಾದರೂ ಸುಖ ಉಂಟೆಂದುಕೊಂಡೆ. ಎಲ್ಲಿಯ ಸುಖ!

ಭಟ್ಟರ ಬಳಿ ಪ್ರಶ್ನೆ ನೋಡುವ ಹಳೆಯ ಸಾಫ್ಟ್‌ವೇರ್ ಇತ್ತು. ಬಂದವರು ಪ್ರಶ್ನೆ ಕೇಳಿದ ಗಳಿಗೆಯನ್ನು ಅದು ನನ್ನ ಗಡಿಯಾರದಿಂದಲೇ ತೆಗೆದುಕೊಂಡು ಕುಂಡಲಿ ಹಾಕುತ್ತಿತ್ತು. ಓಡುವುದು ವಿಂಡೋಸಿನಲ್ಲಿ ಮಾತ್ರ. ನನಗೋ ವೈರಸ್ ಹಿಡಿದು ಹಿಡಿದು ಸಾಕಾಗಿತ್ತು. ರಿಪೇರಿಯ ವಾಲ್ಟರ್ ಬಂದು ಎಲ್ಲ ತೊಳೆದು, ವಿಂಡೋಸಿನ ಬದಲು ವೈರಸ್ ಅಷ್ಟಾಗಿ ಹತ್ತದ ಲಿನಕ್ಸ್ ಹಾಕಿದ.

“ನನ್ನ ಪ್ರಶ್ನೆಯ ಸಾಫ್ಟ್‌ವೇರ್ ಎಲ್ಲಿ ಮಾರಾಯ?” ಎಂದು ಭಟ್ಟರು ಬೊಬ್ಬೆ ಹಾಕಿದರು.

“ತಲೆಬಿಸಿ ಮಾಡ್ಬೇಡಿ ಭಟ್ರೆ, ದಾರಿ ಉಂಟು.”

ದಾರಿಯೆಲ್ಲ ನನ್ನ ಬೆನ್ನ ಮೇಲೆಯೇ! ಮೊದಲು ವೈನ್ ಎಂಬುದನ್ನು ಹಾಕಿದ. ವಿಂಡೋಸಿನ ಮಾತನ್ನು ಲಿನಕ್ಸಿಗೆ ತಿಳಿಸುವ ದುಭಾಷಿ ಅದು. ಸಾಫ್ಟ್‌ವೇರ್ ಎದ್ದಿತು, ಆದರೆ ಕನ್ನಡ ಅಕ್ಷರವೆಲ್ಲ ಚೌಕ ಚೌಕ. ಆಮೇಲೆ ನನ್ನೊಳಗೇ ಇನ್ನೊಂದು ಹುಸಿ ಕಂಪ್ಯೂಟರ್ ಕಟ್ಟಿ ಅದರಲ್ಲಿ ವಿಂಡೋಸ್ ಕೂರಿಸಿದ. ಈ ಪ್ರಾಯದಲ್ಲಿ ನನಗೆ ಬಸಿರು! ಏದುಸಿರು ಬಿಟ್ಟು ಮಲಗಿಬಿಟ್ಟೆ. ಕೊನೆಗೆ ಎರಡನ್ನೂ ಬೇರೆ ಬೇರೆ ಹಾಕಿ, ನನ್ನನ್ನು ಎಬ್ಬಿಸುವಾಗ ಬೇಕಾದದ್ದನ್ನು ಆರಿಸುವ ಹಾಗೆ ಮಾಡಿದ. ಮೇಲ್ ನೋಡಲು ಲಿನಕ್ಸ್, ಪ್ರಶ್ನೆಗೆ ವಿಂಡೋಸ್.

ಯಜಮಾನರು ಇಬ್ಬರಾದರು, ಗಡಿಯಾರ ಮಾತ್ರ ಒಂದೇ. ಲಿನಕ್ಸ್ ಅದರಲ್ಲಿ ಇಂಗ್ಲೆಂಡಿನ ಗ್ರೀನಿಚ್ಚಿನ ಗಂಟೆ ಇಡುತ್ತಿತ್ತು. ವಿಂಡೋಸ್ ಅದನ್ನೇ ಪುತ್ತೂರಿನ ಗಂಟೆಯೆಂದು ನಂಬುತ್ತಿತ್ತು. ಐದೂವರೆ ಗಂಟೆ ಹಿಂದೆ! ಬಾಯಿಲ್ಲದ ನಾನು ಯಾರಿಗೆ ಹೇಳಲಿ? ಭಟ್ಟರು ಕುಂಡಲಿ ಬಿಟ್ಟು ಬೇರೇನೂ ನೋಡುವವರಲ್ಲ.

ಒಂದು ಸಂಜೆ ಅಂಗನವಾಡಿ ಟೀಚರ್ ವಾರಿಜಾ ಬಂದಳು. ಪ್ರಾಯ ಮೂವತ್ತೈದು ದಾಟಿತ್ತು. ನನಗೆ ಇಬ್ಬರು ಯಜಮಾನರಾದ ಮೇಲೆ ಅವಳ ಎರಡು ಸಂಬಂಧಗಳು ಇದೇ ಜಗಲಿಯಲ್ಲಿ, ನನ್ನ ಎದುರಿನಲ್ಲೇ ಮುರಿದಿದ್ದವು. ಈ ಸಲದ ಹುಡುಗ ಕರುಣಾಕರ, ಬಸ್ ಡ್ರೈವರ್. ಅವನೆಂದರೆ ಅವಳಿಗೆ ಜೀವ. ಆದರೆ ಮನೆಯವರು ಭಟ್ಟರ ಮಾತಿಲ್ಲದೆ ಮುಂದುವರಿಯುವವರಲ್ಲ.

ಭಟ್ಟರು ಕುಂಡಲಿಯ ಪ್ರಿಂಟ್ ತೆಗೆದು ನೋಡಿ ತಲೆಯಾಡಿಸಿದರು. “ಇದು ಆಗುದಿಲ್ಲ ತಂಗಿ.”

ಅವಳು ಕಣ್ಣೊರೆಸಿಕೊಂಡು ಪ್ರಿಂಟ್ ಓದಿದಳು. “ಭಟ್ರೆ, ಈಗ ಸಂಜೆ ಅಲ್ವಾ? ಇದರಲ್ಲಿ ಬೆಳಿಗ್ಗೆ ಅಂತ ಉಂಟಲ್ಲ?”

ಫೋನ್ ಹೋಯಿತು. ವಾಲ್ಟರ್ ಬಂದು ನೋಡಿ ನಾಲಗೆ ಕಚ್ಚಿಕೊಂಡ. “ಎರಡೆರಡು ಹಾಕಿದ್ರೆ ಹೀಗಾಗ್ತದೆ ಭಟ್ರೆ. ಹಾಕಿದ ದಿನದಿಂದಲೂ ಹೀಗೇ ಇರ್ಬೇಕು.”

“ಅಂದ್ರೆ ಆ ಎರಡು ಸಂಬಂಧವೂ?” ಎಂದಳು ವಾರಿಜಾ.

ಭಟ್ಟರ ಮುಖ ಸುಣ್ಣದ ಹಾಗಾಯಿತು. “ಗಂಟೆ ಸರಿ ಮಾಡಿ ಪುನಃ ನೋಡುವ, ಕೂತ್ಕೊ ತಂಗಿ.”

“ಬೇಡ ಭಟ್ರೆ. ಪುನಃ ಆಗುದಿಲ್ಲ ಅಂತ ಬಂದ್ರೆ? ನನಗೆ ಅವರು ಬೇಕು. ಮನೆಯಲ್ಲಿ ನಾನೇ ಹೇಳ್ತೇನೆ. ನೀವು ಸುಮ್ಮನಿದ್ರೆ ಸಾಕು.”

ಬಗ್ಗಿ ನನ್ನ ಸ್ವಿಚ್ಚು ಒತ್ತಿ ಆರಿಸಿದಳು. ಎಷ್ಟು ಹಾಯೆನಿಸಿತು!

ಅವಳು ಹೋದ ಮೇಲೆ ಭಟ್ಟರು ಪಂಚಾಂಗ ಬಿಡಿಸಿ, ಅವಳು ಬಂದ ಸರಿಯಾದ ಗಳಿಗೆಗೆ ಕೈಯಲ್ಲೇ ಲೆಕ್ಕ ಹಾಕಿದರು. “ಆಗುದಿಲ್ಲ, ಹೀಗೂ ಆಗುದಿಲ್ಲ,” ಎಂದು ಗೊಣಗಿದರು. ಆ ಕಾಗದವನ್ನು ಚೂರು ಚೂರು ಮಾಡಿದರು. ಮುಂದೆ ವಾರಿಜಾಳ ಮದುವೆಗೆ ಹೋಗಿ ಅಕ್ಷತೆ ಹಾಕಿ, ಊಟ ಮಾಡಿಕೊಂಡೇ ಬಂದರು.

ಈಗ ನಾನು ಅಟ್ಟದಲ್ಲಿ, ಹಳೆಯ ಚಾಪೆಗಳ ಜೊತೆ ಬಿದ್ದಿದ್ದೇನೆ. ಜಗಲಿಯ ಮಾತು ಇಲ್ಲಿಗೂ ಕೇಳಿಸುತ್ತದೆ. ವಾರಿಜಾ ಸುಖವಾಗಿದ್ದಾಳಂತೆ. ಯಾರಾದರೂ ಹಾಗೆ ಹೇಳಿದ ದಿನ ಭಟ್ಟರು ಪಂಚಾಂಗ ಬಿಡಿಸುವ ಸದ್ದು ತುಂಬ ಹೊತ್ತು ಕೇಳಿಸುವುದಿಲ್ಲ.