ಚಿಟಿಕೆರಾಯನ ಹುಲ್ಲುಹಾಸು

ಈ ಕಥೆಯನ್ನು ಮೊದಲು ಹೇಳಿದವನು ಆ ಬೀದಿಯ ಕ್ಷೌರಿಕ; ಅನಂತರ ಹೇಳಿದವಳು ಮದುಮಗಳ ಬಟ್ಟೆ ಹೊಲಿದ ಹೆಂಗಸು. ಇಬ್ಬರ ನಿರೂಪಣೆಯಲ್ಲೂ ವ್ಯತ್ಯಾಸವಿಲ್ಲ. ಕ್ಷೌರಿಕ ಮಾತ್ರ ನಡುನಡುವೆ ನಗು ತಡೆಯಲಾರದೆ ಕತ್ತರಿ ನಿಲ್ಲಿಸುತ್ತಿದ್ದ.

ಯಾವ ಕೆಲಸ ಹೇಳಿದರೂ "ಚಿಟಿಕೆ ಹೊಡೆಯೋದ್ರೊಳಗೆ ಮುಗಿಸ್ತೀನಿ" ಎನ್ನುತ್ತಿದ್ದ ಆಸಾಮಿಯೊಬ್ಬನಿದ್ದ. ಬೀದಿಯವರು ಅವನಿಗೆ ಚಿಟಿಕೆರಾಯನೆಂದೇ ಹೆಸರಿಟ್ಟಿದ್ದರು. ಹಾಗೆ ಉಳಿಸಿದ ಹೊತ್ತಿನಲ್ಲಿ ಆತ ಸಾಧಿಸುತ್ತಿದ್ದುದು ಇಷ್ಟೆ: ಅಂಗಳದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು, ಮೋಟುಗೋಡೆಯ ಆಚೆ ದುಡಿಯುವ ಸ್ವಂತ ತಮ್ಮನನ್ನು ಗೇಲಿ ಮಾಡುವುದು.

ಒಂದು ವರ್ಷ ಬೇಸಿಗೆಯ ಮೊದಲಿಗೆ ಚಿಟಿಕೆರಾಯನ ಮಗಳ ಮದುವೆ ನಿಶ್ಚಯವಾಗಿತ್ತು. ಅವಳು ಕೇಳಿದ್ದು ಒಂದನ್ನೇ. "ಅಪ್ಪ, ಸಭಾಂಗಣ ಗಿಭಾಂಗಣ ಏನೂ ಬೇಡ. ನಮ್ಮನೆ ಹುಲ್ಲಿನ ಮೇಲೆ ಆಗ್ಲಿ."

"ಚಿಟಿಕೆ!" ಎಂದ ಅಪ್ಪ.

ಚಳಿ ಹಿಂಜರಿದು ಮರಗಳು ಚಿಗುರಿದವು. ತಮ್ಮ ತನ್ನ ಅಂಗಳದ ಒಣಹುಲ್ಲನ್ನು ಕೆರೆದು ತೆಗೆದ, ಗಟ್ಟಿಯಾದ ನೆಲವನ್ನು ಚುಚ್ಚಿ ಸಡಿಲಿಸಿದ, ಕಳೆಯನ್ನು ಬೇರುಸಹಿತ ಕಿತ್ತ. ಆಮೇಲೆ ಬೀಜ ಎರಚಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿದ.

"ಏನಯ್ಯಾ ಆಮೆ, ನೆಲಕ್ಕೆ ತಲೆ ಬಾಚ್ತಿದೀಯಾ? ಜಡೇನೂ ಹಾಕ್ಬಿಡು!"

"ಮದುವೆ ಇರೋದು ನಿಮ್ಮನೇಲಿ ಅಣ್ಣ. ನೀನೂ ಒಂಚೂರು ಬಗ್ಗಿದ್ರೆ..."

"ಬಗ್ಗೋದೆಲ್ಲ ನಿನಗಿರ್ಲಿ. ನಂದು ಒಂದೇ ಸುತ್ತು."

ಒಣಹುಲ್ಲನ್ನು ಕೆರೆಯುವ ಗೋಜೇಕೆಂದು ಚಿಟಿಕೆರಾಯ ಅದಕ್ಕೆ ಬೆಂಕಿಯಿಟ್ಟ. ಬಳಿಕ ಹುಲ್ಲಿನ ಬೀಜ, ಗೊಬ್ಬರ, ಕಳೆನಾಶಕದ ಪುಡಿ ಮೂರನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸತೊಡಗಿದ. ಹೆಂಡತಿ ಕಳೆನಾಶಕದ ಪೊಟ್ಟಣವನ್ನು ಎತ್ತಿ ನೋಡಿದಳು.

"ರೀ, ಇದು ಹಾಕಿದ ನೆಲದಲ್ಲಿ ಯಾವ ಬೀಜಾನೂ ಮೊಳೆಯಲ್ಲ ಅಂತ ಬರ್ದಿದಾರೆ."

"ಕಳೆ ಬೀಜ ಕಣೇ, ಕಳೆ ಬೀಜ! ಅದನ್ನೆಲ್ಲ ಓದ್ತಾ ಕೂತ್ರೆ ಮೊಮ್ಮಕ್ಕಳ ಮದುವೆ ಬರತ್ತೆ."

ಕಲಸಿದ್ದನ್ನು ಒಂದೇ ಸುತ್ತಿನಲ್ಲಿ ಅಂಗಳಕ್ಕೆಲ್ಲ ಎರಚಿದ. ಪುಡಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹುಲ್ಲು, ಕಳೆ ಎಂಬ ಭೇದವೆಣಿಸದೆ ಎಲ್ಲ ಬೀಜವನ್ನೂ ಮಣ್ಣಿನಲ್ಲೇ ಮುಗಿಸಿತು. ತಮ್ಮನ ಅಂಗಳ ದಟ್ಟ ಹಸಿರಾಯಿತು. ಚಿಟಿಕೆರಾಯನದು ಸೀದ ಬಾಣಲೆಯ ತಳದಂತೆ ಉಳಿಯಿತು. ಮಗಳು ಪ್ರತಿ ಬೆಳಗ್ಗೆ ಹೊಸ್ತಿಲಲ್ಲಿ ನಿಂತು ನೋಡುವಳು. ಮತ್ತೆ ಒಳಗೆ ಹೋಗುವಳು.

ಮದುವೆಯ ಹಿಂದಿನ ದಿನ ಅಪ್ಪ ಗೋಡೆಗೆ ಬಳಿಯುವ ಹಸಿರು ಎಣ್ಣೆಬಣ್ಣವನ್ನೂ ಅದನ್ನು ಚಿಮ್ಮಿಸುವ ಯಂತ್ರವನ್ನೂ ಹೊತ್ತು ತಂದ. "ಸಂಜೆಯೊಳಗೆ ಎಂಥಾ ಹುಲ್ಲು ಬರತ್ತೆ ನೋಡ್ತಿರು!"

ಮಗಳು ಡಬ್ಬವನ್ನು ನೋಡಿದಳು, ಅಪ್ಪನನ್ನು ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಯ ಗೇಟು ತೆರೆದಳು.

"ಚಿಕ್ಕಪ್ಪ, ನಾಳೆ ಮದುವೆ ಇಲ್ಲಿ ಮಾಡ್ಕೊಳ್ಳಾ? ಹುಲ್ಲೆಲ್ಲ ತುಳಿದು ಹಾಳಾಗತ್ತೆ, ಗೊತ್ತು."

"ತುಳಿಯೋಕೆ ಅಂತಾನೇ ಬೆಳೆಸಿದ್ದಮ್ಮ. ಕುರ್ಚಿ ಎಲ್ಲೆಲ್ಲಿ ಹಾಕಿಸ್ಲಿ, ಅದನ್ನ ಹೇಳು."

ಚಿಟಿಕೆರಾಯ ಹಟಕ್ಕೆ ಬಿದ್ದು ಬಣ್ಣ ಚಿಮ್ಮಿಸಿಯೇ ಬಿಟ್ಟ. ಮರುದಿನ ನೆಂಟರೆಲ್ಲ ಸೇರಿದರು. ಮದುಮಗಳು ನಡೆದು ಬರಲು ತಮ್ಮನ ಹುಲ್ಲಿನ ಮೇಲೆ ಬಿಳಿಯ ಬಟ್ಟೆ ಹಾಸಿದ್ದರು. ಹೊಸ ಬೂಟು ತೊಟ್ಟ ಅಪ್ಪನಿಗೆ ಬೀದಿ ಸುತ್ತಿ ಬರುವುದು ದಂಡವೆನಿಸಿತು. ನೇರವಾಗಿ ತನ್ನ ಹಸಿರು ನೆಲವನ್ನು ದಾಟಿ, ಮೋಟುಗೋಡೆ ಹತ್ತಿ ಧುಮುಕಿ, ಬಿಳಿಯ ಬಟ್ಟೆಯ ಮೇಲೆ ನಗುತ್ತ ನಡೆದು ಬಂದ. ದಪ್ಪಗೆ ಚಿಮ್ಮಿಸಿದ ಎಣ್ಣೆಬಣ್ಣ ಇನ್ನೂ ಒಣಗಿರಲಿಲ್ಲ. ಹೆಜ್ಜೆಹೆಜ್ಜೆಗೂ ಹಸಿರು ಮುದ್ರೆ ಬಿತ್ತು.

"ಅಪ್ಪ, ಅಲ್ಲೇ ನಿಲ್ಲಿ." ಮಗಳ ದನಿ ಏರಲಿಲ್ಲ. "ವಾಪಸ್ ಹೋಗಿ. ಬೂಟು ಬಿಚ್ಚಿ, ಕಾಲು ತೊಳ್ಕೊಂಡು, ಎಲ್ಲರ ಹಾಗೆ ಗೇಟಿಂದ ಬನ್ನಿ."

"ಅಷ್ಟೊತ್ತು ಸುಮ್ನೆ ಯಾಕಮ್ಮಾ..."

"ಎಷ್ಟೊತ್ತಾದ್ರೂ ಸರಿ."

ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಮತ್ತೆ ಅದೇ ಹಸಿರು ನೆಲವನ್ನು ದಾಟಿ ಮನೆಗೆ ಹೋದ. ಪಾದಕ್ಕೆ ಅಂಟಿದ ಬಣ್ಣ ನೀರಿಗೆ ಬಿಡಲಿಲ್ಲ, ಸೋಪಿಗೂ ಬಿಡಲಿಲ್ಲ. ಸೀಮೆಎಣ್ಣೆ ಹುಡುಕಿ, ಪಾದವನ್ನು ಕೆಂಪಗೆ ಉಜ್ಜಿಕೊಂಡು, ಬೀದಿ ಸುತ್ತಿ ಗೇಟಿನ ಬಳಿ ಬಂದಾಗ ಮದುವೆ ಮುಗಿದಿತ್ತು. ನೆಂಟರು ಊಟಕ್ಕೆ ಕುಳಿತಿದ್ದರು. ಮಗಳ ಮದುವೆ ನೋಡಲು ಹಿಡಿಯುವ ಹೊತ್ತೂ ಚಿಟಿಕೆರಾಯನಿಗೆ ಉಳಿತಾಯವಾಯಿತು.