ಉಜ್ಜಿದ ಬೆಸುಗೆ

ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಪ್ರೊಫೆಸರು ಫೋನಿನಲ್ಲಿ ಒಂದು ಸಂಖ್ಯೆ ನೋಡುತ್ತಿದ್ದರು. ಬೆಸುಗೆಯ ಬಾಳಿಕೆಯ ಬಗ್ಗೆ ಒಂಬತ್ತು ವರ್ಷದ ಹಿಂದೆ ಅವರು ಬರೆದ ಲೇಖನವನ್ನು ಉಳಿದ ಸಂಶೋಧಕರು ಎಷ್ಟು ಲೇಖನಗಳಲ್ಲಿ ಉಲ್ಲೇಖಿಸಿದ್ದಾರೆ ಎಂಬ ಎಣಿಕೆ ಅದು. ಅಂದು ಮುನ್ನೂರ ನಲವತ್ತೊಂದು.

"ಹಾಲು ಉಕ್ಕಿದ್ದು ಕಾಣಲ್ಲ, ಅದು ಒಂದು ಏರಿದ್ರೆ ಕಾಣತ್ತೆ," ಎಂದರು ಹೆಂಡತಿ, ಒಲೆ ಒರೆಸುತ್ತ.

ಅವರು ನಕ್ಕರು. ಕಾಲೇಜಿನ ಅಧ್ಯಾಪಕರ ಶ್ರೇಣಿಪಟ್ಟಿ ನಿಂತದ್ದೇ ಆ ಸಂಖ್ಯೆಯ ಮೇಲೆ. ಅದರಲ್ಲಿ ಅವರೇ ಮೊದಲು. ಮೊದಲು ಬಂದವರಿಗೆ ಹೊಸ ಪ್ರಯೋಗಾಲಯದ ಮುಖ್ಯಸ್ಥರ ಸ್ಥಾನ. ಶುಕ್ರವಾರ ಪಟ್ಟಿ ಅಂತಿಮವಾಗಲಿತ್ತು.

ಮಂಗಳವಾರ ಕಾರ್ಖಾನೆಯೊಂದರ ಎಂಜಿನಿಯರಿಂದ ಪತ್ರ ಬಂತು. ಲೇಖನದ ಅಂಕಿಗಳನ್ನು ನಂಬಿ ಅವರು ಸರಕು ಎತ್ತುವ ಉಕ್ಕಿನ ಅಟ್ಟ ಮಾಡಿಸಿದ್ದರು. ಹತ್ತು ವರ್ಷ ಬಾಳಬೇಕಿದ್ದ ಬೆಸುಗೆ ಹದಿನಾಲ್ಕು ತಿಂಗಳಿಗೆ ಬಿರುಕು ಬಿಟ್ಟಿತ್ತು. ಮೇಲಿದ್ದ ಕೆಲಸದಾಕೆ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಪತ್ರದಲ್ಲಿ ಬೈಗುಳವಿರಲಿಲ್ಲ, ಒಂದು ಪ್ರಶ್ನೆಯಿತ್ತು: ಪರೀಕ್ಷೆಗೆ ಮುಂಚೆ ಬೆಸುಗೆಯ ಉಬ್ಬನ್ನು ಉಜ್ಜಿ ನುಣುಪು ಮಾಡಿದ್ದಿರಾ? ನಾವು ಉಜ್ಜಿಸಿರಲಿಲ್ಲ.

ಇಲ್ಲ ಎಂದು ಬರೆಯಲು ಕೂತರು. ಬೆರಳು ನಿಂತಿತು. ಅವರಿಗೆ ಗೊತ್ತಿರಲಿಲ್ಲ.

ಕೆಳಗಿನ ಮಹಡಿಯಲ್ಲಿ, ಉಕ್ಕಿನ ತುಂಡುಗಳನ್ನು ಎಳೆದೆಳೆದು ಮುರಿಯುವ ಯಂತ್ರಕ್ಕೆ ಮೆಕ್ಯಾನಿಕ್ ಎಣ್ಣೆ ಬಿಡುತ್ತಿದ್ದ. ಇಪ್ಪತ್ತು ವರ್ಷದಿಂದ ಅದನ್ನು ನಡೆಸುತ್ತಿದ್ದವನು ಅವನೇ.

"ಉಜ್ಜದೆ ಹೇಗೆ ಸಾರ್? ಉಬ್ಬಿದ್ರೆ ತುಂಡು ಯಂತ್ರದ ಹಿಡಿತದಲ್ಲಿ ಕೂರಲ್ಲ. ಕನ್ನಡಿ ಥರ ಮಾಡಿ ಕೊಡ್ತಿದ್ದೆ."

"ನನಗ್ಯಾಕೆ ಹೇಳಲಿಲ್ಲ?"

"ನೀವು ಇಲ್ಲಿಗೆ ಬಂದಿದ್ದು ಫೋಟೋ ತೆಗೆಯೋ ದಿನ ಮಾತ್ರ ಸಾರ್."

ಉಜ್ಜಿದ ಬೆಸುಗೆ ಉಜ್ಜದ್ದಕ್ಕಿಂತ ಹಲವು ಪಟ್ಟು ಹೆಚ್ಚು ಬಾಳುತ್ತದೆ. ಎರಡನೇ ವರ್ಷದ ಹುಡುಗರಿಗೆ ಅದನ್ನು ಪಾಠ ಮಾಡುತ್ತಿದ್ದವರು ಅವರೇ.

ಕೋಣೆಗೆ ಬಂದು, ತಮ್ಮನ್ನು ಉಲ್ಲೇಖಿಸಿದ ಲೇಖನಗಳನ್ನು ಮೊದಲ ಸಲ ತೆರೆದು ಓದಿದರು. ಹನ್ನೊಂದರಲ್ಲಿ ಒಂದೇ ವಾಕ್ಯ, ಅಲ್ಪವಿರಾಮವೂ ಅದೇ ಜಾಗದಲ್ಲಿ. ಒಬ್ಬರು ಪ್ಲಾಸ್ಟಿಕ್ ಕೊಳವೆಯ ಬಗ್ಗೆ ಬರೆಯುತ್ತ ಇವರ ಹೆಸರು ಸೇರಿಸಿದ್ದರು. ಇಪ್ಪತ್ತೇಳು ಲೇಖನಗಳು ಇವರೇ ಬರೆದವು. ಉಬ್ಬಿನ ಮಾತು ಎಲ್ಲೂ ಇರಲಿಲ್ಲ. ಮುನ್ನೂರ ನಲವತ್ತೊಂದು ಸಲ ಹೆಸರು ಬಂದಿತ್ತು. ಲೇಖನವನ್ನು ಓದಿದವರು ಆ ಎಂಜಿನಿಯರ್ ಒಬ್ಬರೇ.

ಪ್ರೊಫೆಸರು ಹೇಳಿದ್ದನ್ನು ವಿಭಾಗದ ಮುಖ್ಯಸ್ಥರು ಬಾಗಿಲು ಹಾಕಿಕೊಂಡು ಕೇಳಿದರು. ಅವರೇನು ಕೆಟ್ಟವರಲ್ಲ. ಲೇಖನ ಹಿಂತೆಗೆದುಕೊಂಡರೆ ಅಷ್ಟೂ ಉಲ್ಲೇಖಗಳು ಲೆಕ್ಕದಿಂದ ಹೋಗುತ್ತವೆ, ಇವರು ಒಂಬತ್ತನೆಯವರಾಗುತ್ತಾರೆ, ವಿಭಾಗದ ಸ್ಥಾನವೂ ಕುಸಿಯುತ್ತದೆ, ಮೂವರು ಸಂಶೋಧನಾ ವಿದ್ಯಾರ್ಥಿಗಳ ವೇತನ ನಿಲ್ಲಬಹುದು ಎಂದು ಒಂದೊಂದಾಗಿ ಹೇಳಿದರು.

"ಸುಳ್ಳು ಬರೆದಿಲ್ಲವಲ್ಲ ನೀವು. ಒಂದು ಮಾತು ಬಿಟ್ಟು ಹೋಗಿದೆ, ಅಷ್ಟೇ. ಶುಕ್ರವಾರ ಕಳೀಲಿ, ಆಮೇಲೆ ತಿದ್ದುಪಡಿ ಹಾಕಿದ್ರಾಯ್ತು."

ಅದು ಸರಿಯೆಂದೇ ತೋರಿತು. ಗುರುವಾರ ಸಂಜೆ ಹೆಂಡತಿಗೆ ಎಲ್ಲ ಹೇಳಿದರು: ಪತ್ರ, ಉಬ್ಬು, ಪಟ್ಟಿ, ವೇತನ. ಆಕೆ ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

"ಆ ಹೆಂಗಸು ಈಗ ಹೇಗಿದ್ದಾಳಂತೆ?"

ಮೂರು ದಿನದಲ್ಲಿ ಅದನ್ನು ಪ್ರೊಫೆಸರು ಯಾರನ್ನೂ ಕೇಳಿರಲಿಲ್ಲ.

ಅಲ್ಲಿಯೇ ಕೂತು ಎಂಜಿನಿಯರಿಗೆ ಫೋನ್ ಮಾಡಿದರು. ಆಕೆಗೆ ಎರಡನೇ ಶಸ್ತ್ರಚಿಕಿತ್ಸೆ ಆಗಿತ್ತು, ನಡೆಯುವುದು ಅನುಮಾನ. ಶುಕ್ರವಾರ ಬೆಳಿಗ್ಗೆ ಲೇಖನ ಹಿಂತೆಗೆದುಕೊಳ್ಳುವ ಪತ್ರ ಕಳಿಸಿದರು. ಈ ಅಂಕಿಗಳನ್ನು ನಂಬಬೇಡಿ ಎಂದು, ಉಲ್ಲೇಖಿಸಿದ ಪ್ರತಿಯೊಬ್ಬರಿಗೂ ಬರೆದರು.

ಒಂದು ವಾರದಲ್ಲಿ ಬಂದದ್ದು ಒಂದೇ ಉತ್ತರ. ತಿಳಿಸಿದ್ದಕ್ಕೆ ಧನ್ಯವಾದ, ಆ ಜಾಗದಲ್ಲಿ ನಿಮ್ಮ ಬೇರೆ ಯಾವ ಲೇಖನ ಹಾಕಲಿ?

ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಬರೆದರು:

"ಯಾವುದೂ ಬೇಡ. ಒಂದು ತುಂಡಿಗೆ ಬೆಸುಗೆ ಹಾಕಿಸಿ, ಉಜ್ಜಿಸಬೇಡಿ. ಅದು ಮುರಿಯುವವರೆಗೆ ಯಂತ್ರದ ಪಕ್ಕದಲ್ಲಿ ನಿಂತಿರಿ."