ಬಾಗಿಲಿನ ಎರಡು ಗೆರೆ

ಇಲಾಖೆಯ ಕಾನೂನು ಸಲಹೆಗಾರರು ಒಳ್ಳೆಯ ಸುದ್ದಿಯನ್ನೂ ಸಾವಿನ ಸುದ್ದಿಯ ಮುಖದಲ್ಲೇ ಹೇಳುವವರು. ವಿಚಾರಣೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ಇಬ್ಬರು ಅಗ್ನಿಶಾಮಕರ ಮುಂದೆ ನಿಂತು, ಬೆರಳಿಟ್ಟುಕೊಂಡಿದ್ದ ಪುಟ ತೆರೆದು ಓದಿದರು: ‘ತುರ್ತು ಸ್ಥಳದಲ್ಲಿ ಸದ್ಭಾವನೆಯಿಂದ ಮಾಡಿದ ಅಥವಾ ಮಾಡದೆ ಬಿಟ್ಟ ಯಾವುದೇ ಕೃತ್ಯಕ್ಕಾಗಿ ಅಗ್ನಿಶಾಮಕ ಸಿಬ್ಬಂದಿಯ ವಿರುದ್ಧ ದಾವೆ ಹೂಡತಕ್ಕದ್ದಲ್ಲ.’

“ಮಾಡದೆ ಬಿಟ್ಟಿದ್ದಕ್ಕೂನಾ ಸಾರ್?” ಎಂದ ಕಿರಿಯವನು.

“ಅದಕ್ಕೂ. ನಿಮ್ಮ ಕೂದಲೂ ಕೊಂಕಲ್ಲ. ಗೊತ್ತಿದ್ದೂ ಗೊತ್ತಿದ್ದೂ ನಿಯಮ ಮೀರಿರಬಾರದು ಅಷ್ಟೆ. ಮೀರಿದ್ರೆ ಈ ವಾಕ್ಯ ನಿಮ್ಮ ಪಾಲಿಗಿಲ್ಲ. ಕೆಲಸ ಹೋಗತ್ತೆ, ಜೈಲಿನ ಮಾತೂ ಬರತ್ತೆ. ನೀವಂತೂ ಮೀರಿಲ್ಲ. ಹೊಗೆ ಇತ್ತು, ಕಾಣ್ಲಿಲ್ಲ. ಇಷ್ಟು ಹೇಳಿ ಬಾಯಿಗೆ ಬೀಗ ಹಾಕ್ಕೊಳ್ಳಿ.”

ಕಿರಿಯವನು ತಲೆಯಾಡಿಸಿದ. ಹಿರಿಯವನು ತನ್ನ ಮಂಡಿ ನೀವಿಕೊಂಡ.

ಹಿರಿಯವನಿಗೆ ಠಾಣೆಯಲ್ಲಿ ಸೀಮೆಸುಣ್ಣ ಎಂದೇ ಹೆಸರು. ಇಪ್ಪತ್ತೆರಡು ವರ್ಷದಿಂದ ಅವನ ಎಡಜೇಬಿನಲ್ಲಿ ಹಳದಿ ಸೀಮೆಸುಣ್ಣದ ತುಂಡು ಇಲ್ಲದ ದಿನವಿಲ್ಲ. ಮದುವೆಯ ಫೋಟೋದಲ್ಲೂ ಜೇಬು ಹಳದಿಯಾಗಿರುವುದನ್ನು ಹೆಂಡತಿ ಮನೆಗೆ ಬಂದವರಿಗೆಲ್ಲ ತೋರಿಸುತ್ತಾಳೆ. ಬೆಂಕಿ ಬಿದ್ದ ಕಟ್ಟಡದಲ್ಲಿ ಕೋಣೆ ಹುಡುಕುವ ಕ್ರಮವನ್ನು ಠಾಣೆಗೆಲ್ಲ ಕಲಿಸಿದವನು ಅವನೇ. ಒಳಗೆ ಹೋಗುವ ಮುಂಚೆ ಬಾಗಿಲಿಗೆ ಒಂದು ಓರೆ ಗೆರೆ: ಒಳಗೆ ನಾವಿದ್ದೇವೆ. ಹುಡುಕಿ ಹೊರಬಂದ ಮೇಲೆ ಅದರ ಮೇಲೆ ಅಡ್ಡ ಇನ್ನೊಂದು: ಒಳಗೆ ಯಾರೂ ಇಲ್ಲ, ಮುಂದೆ ಹೋಗಿ. ಹೊಗೆ ಮೇಲೆ ಕವಿಯುವುದರಿಂದ ಗೆರೆಗಳನ್ನು ಮೊಣಕಾಲಿನ ಎತ್ತರದಲ್ಲೇ ಎಳೆಯಬೇಕು.

ಕಿರಿಯವನು ಅವನ ಹೆಂಡತಿಯ ತಮ್ಮ. ಕೆಲಸಕ್ಕೆ ಸೇರಿದ ವಾರ ಅವನಿಗೆ ಈ ಪಾಠ ಆದದ್ದು ಅಕ್ಕನ ಅಡುಗೆಮನೆಯ ಬಾಗಿಲ ಮೇಲೆ. “ಒಳಗೆ ನಾನಿದ್ದೀನಿ, ಯಾರೂ ಇಲ್ಲ ಅಂತ ಬರ್ದಿದ್ದೀರಲ್ಲ, ಇವತ್ತಿನ ಊಟಾನೂ ಯಾರೂ ಇಲ್ಲದವರೇ ಮಾಡ್ಲಿ” ಎಂದು ಅಕ್ಕ ಒದ್ದೆ ಬಟ್ಟೆ ಹಿಡಿದು ಬಂದಿದ್ದಳು.

ಒಂದು ತಿಂಗಳ ಹಿಂದೆ, ಮಟಮಟ ಮಧ್ಯಾಹ್ನ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಗೆ ಬೆಂಕಿ ಬಿತ್ತು. ಅಂಗಡಿಯ ಮೇಲೆ ಮೂರು ಬಾಡಿಗೆ ಕೋಣೆ. ಮೊದಲ ವಾಹನದಲ್ಲಿ ಬಂದ ಸೀಮೆಸುಣ್ಣ ಎರಡು ಕೋಣೆ ನೋಡಿ ಮೂರನೆಯದರ ಮುಂದೆ ಬಗ್ಗಿದಾಗ ಚಾವಣಿಯ ತುಂಡು ಅವನ ಹೆಲ್ಮೆಟ್ಟಿನ ಮೇಲೆ ಕುಸಿಯಿತು. ಹಿಂದಿನ ಕೋಣೆಯಿಂದ ಹೊಗೆಯಲ್ಲಿ ತಡವರಿಸಿ ಬಂದ ಜೊತೆಗಾರ ಅವನನ್ನು ಎಳೆದುಕೊಂಡು ಕೆಳಗಿಳಿದ. ಎರಡನೆಯ ವಾಹನದಲ್ಲಿ ಬಂದ ಕಿರಿಯವನು ಮೇಲೆ ಹೋದ, ಮೂರನೆಯ ಬಾಗಿಲು ತೆರೆಯದೆ ಮುಂದೆ ನಡೆದ. ಇಪ್ಪತ್ತು ನಿಮಿಷವಾದ ಮೇಲೆ ಯಾರೋ ಏಣಿ ಹಾಕಿ ಕಿಟಕಿ ಒಡೆದಾಗ ಆ ಕೋಣೆಯಲ್ಲಿ ಬಾಡಿಗೆಗಿದ್ದ ಶಾಲೆಯ ಮೇಡಂ ಸಿಕ್ಕರು. ಅಷ್ಟು ಹೊತ್ತಿಗೆ ಸೀಮೆಸುಣ್ಣ ಮುಖವಾಡದಲ್ಲಿ ಆಮ್ಲಜನಕ ಎಳೆಯುತ್ತ ಆಂಬುಲೆನ್ಸಿನಲ್ಲಿದ್ದ. ಮೇಡಂ ಬದುಕಿದರು. ದನಿ ಬದುಕಲಿಲ್ಲ.

ಪೈಪಿನ ನೀರು ಬಾಗಿಲನ್ನು ತೊಳೆದುಹಾಕಿತ್ತು. ಅಲ್ಲಿ ಹಳದಿ ಗುರುತಿತ್ತೆಂಬುದು ಭಾವನಿಗೂ ಭಾಮೈದನಿಗೂ ಮಾತ್ರ ಗೊತ್ತು. ಭಾವ ಹುಡುಕಿದ್ದಾನೆ, ಹೊಗೆಯಲ್ಲಿ ಹೆಂಗಸು ಕಂಡಿಲ್ಲ, ಯಾರಿಗಾದರೂ ಆಗುವ ತಪ್ಪು, ಎಂದು ಕಿರಿಯವನು ತನ್ನಲ್ಲೇ ತೀರ್ಮಾನಿಸಿ, ಭಾವನ ಹೆಸರು ಬರದಿರಲೆಂದು ತನಿಖೆಗೆ ‘ಬಾಗಿಲೇ ಕಾಣಲಿಲ್ಲ’ ಎಂದು ಬರೆದುಕೊಟ್ಟಿದ್ದ. ಅಂದಿನಿಂದ ಠಾಣೆಯವರು ಅವನನ್ನು ಕುರುಡ ಎಂದು ಕರೆಯುತ್ತಿದ್ದರು, ಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅಕ್ಕ ಊಟ ಬಡಿಸುವಾಗಲೂ ಅವನ ಮುಖ ನೋಡುತ್ತಿರಲಿಲ್ಲ.

ಒಳಗೆ ಕರೆದರು. ಅಧ್ಯಕ್ಷರು, ಟೈಪಿಸ್ಟು, ಸಲಹೆಗಾರರು. ಎದುರಿಗೆ ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡ ಮೇಡಂ. ಮುಂದೆ ಮಕ್ಕಳು ಕಾಪಿ ಬರೆಯುವ ನೋಟ್‌ಬುಕ್ಕು. ಅವರು ಬರೆದದ್ದನ್ನು ಅಧ್ಯಕ್ಷರು ಓದಿದರು.

‘ನೆಲದ ಮೇಲೆ ಬಿದ್ದಿದ್ದೆ. ಬಾಗಿಲ ಕೆಳಗಿನ ಸಂದಿಯಲ್ಲಿ ಬೂಟುಗಳು ಬಂದು ನಿಂತವು. ಟಾರ್ಚಿನ ಬೆಳಕು ಬಾಗಿಲ ಬುಡಕ್ಕೆ ಬಿತ್ತು. ಕೈಯಿಂದ ನೆಲ ಬಡಿದೆ. ಬೂಟುಗಳು ಹೊರಟುಹೋದವು. ನನಗೆ ಯಾರ ಮೇಲೂ ದಾವೆ ಬೇಡ. ಏನು ನೋಡಿ ಹೋದಿರಿ? ಅಷ್ಟು ತಿಳಿಯಬೇಕು.’

ಇದು ತನಿಖೆಯ ಯಾವ ಕಾಗದದಲ್ಲೂ ಇರಲಿಲ್ಲ. ಕಿರಿಯವನು ತನ್ನ ಬೂಟಿನ ಕಡೆ ನೋಡಿದ; ಅವತ್ತಿನ ಜೋಡಿಯೇ.

“ಉತ್ತರ ಕೊಡಬೇಕಾದ ಅಗತ್ಯ ಇಲ್ಲ” ಎಂದರು ಸಲಹೆಗಾರರು.

“ಬಾಗಿಲೇ ಕಾಣಲಿಲ್ಲ ಅಂದಿದ್ದೀರಲ್ಲಪ್ಪ?” ಎಂದರು ಅಧ್ಯಕ್ಷರು.

“ಕಾಣ್ಲಿಲ್ಲ ಸಾರ್.”

ಮೇಡಂ ಅವನನ್ನೇ ನೋಡಿದರು. ಹೋಂವರ್ಕು ಮನೆಯಲ್ಲೇ ಮರೆತೆ ಎಂದವರನ್ನು ಮೂವತ್ತು ವರ್ಷ ನೋಡಿದ ಕಣ್ಣು.

ಸೀಮೆಸುಣ್ಣ ಎದ್ದ. ಮೇಜಿನ ಪಕ್ಕ ಬಗ್ಗಿದ. ಅವನ ಮಂಡಿ ಲಟಕ್ಕೆಂದದ್ದು ಕೋಣೆಗೆಲ್ಲ ಕೇಳಿಸಿತು. ಮೇಜಿನ ಕಾಲಿನ ಮೇಲೆ ಹಳದಿಯಲ್ಲಿ ಒಂದು ಓರೆ ಗೆರೆ, ಅದರ ಮೇಲೆ ಇನ್ನೊಂದು.

“ಇದನ್ನ ನೋಡಿ ಹೋದ ಇವನು, ಮೇಡಂ. ಇದರರ್ಥ ಒಳಗೆ ಹುಡುಕಿ ಆಯ್ತು, ಯಾರೂ ಇಲ್ಲ ಅಂತ. ಎಳೆದವನು ನಾನು.”

“ಭಾವ, ಕೂತ್ಕೊಳ್ಳಿ. ಹೊಗೇಲಿ ಯಾರಿಗಾದ್ರೂ ತಪ್ಪತ್ತೆ.”

“ತಪ್ಪೋಕೆ ಹುಡುಕಿರ್ಬೇಕಲ್ಲೋ. ನಾನು ಒಳಗೆ ಕಾಲೇ ಇಟ್ಟಿಲ್ಲ.”

ಒಂದು ತಿಂಗಳು ಕಿರಿಯವನು ಹೊತ್ತದ್ದು ಬೇರೆಯೇ ತಪ್ಪನ್ನು.

“ಮಂಡಿ ನೋವು” ಎಂದ ಸೀಮೆಸುಣ್ಣ. ಹೇಳಿದ ಮೇಲೆ ಅದೆಷ್ಟು ಸಣ್ಣ ಮಾತೆಂದು ತಾನೇ ಬೆಚ್ಚಿದ. “ಮೂರು ವರ್ಷದಿಂದ ಎರಡು ಸಲ ಬಗ್ಗೋಕಾಗ್ದೆ ಎರಡೂ ಗೆರೆ ಮೊದಲೇ ಎಳೀತಿದ್ದೆ. ಹೇಗೂ ಹುಡುಕೇ ಹುಡುಕ್ತೀನಲ್ಲ ಅಂತ. ಹುಡುಕ್ತಾನೂ ಇದ್ದೆ. ಅವತ್ತು ಎಳೆದೆ, ತಲೆ ಮೇಲೆ ಬಿತ್ತು. ಗೆರೆ ನೆನಪಾಗೋ ಹೊತ್ತಿಗೆ ನಿಮ್ಮನ್ನ ಏಣೀಲಿ ಇಳಿಸ್ತಿದ್ರು. ಎರಡನೇ ಗೆರೆ ಮೊದಲೇ ಎಳೀಬಾರದು ಅನ್ನೋ ನಿಯಮ ನಂಗೆ ಗೊತ್ತಿತ್ತು. ಅದನ್ನ ಎಲ್ಲರಿಗೂ ಕಲಿಸ್ತಿದ್ದವನೇ ನಾನು.”

“ಇದನ್ನ ಟೈಪ್ ಮಾಡ್ಬೇಡಿ” ಎಂದರು ಸಲಹೆಗಾರರು. ಟೈಪಿಸ್ಟು ಬಿಸಿ ಕಾವಲಿ ಮುಟ್ಟಿದವಳ ಹಾಗೆ ಬೆರಳು ಎತ್ತಿಕೊಂಡಳು. ಅಧ್ಯಕ್ಷರು ಫ್ಯಾನನ್ನು ಪರೀಕ್ಷಿಸಿದರು.

ಪೆನ್ಸಿಲ್ಲಿನ ಸದ್ದು ಮಾತ್ರ ನಿಂತಿರಲಿಲ್ಲ. ಮೇಡಂ ಬರೆಯುತ್ತಿದ್ದರು, ಉಕ್ತಲೇಖನದ ವೇಗದಲ್ಲಿ, ಒಂದು ಮಾತೂ ಬಿಡದೆ, ಮಂಡಿ ನೋವನ್ನೂ. ಬರೆದು ಮುಗಿಸಿ ನೋಟ್‌ಬುಕ್ಕನ್ನು ತಿರುಗಿಸಿ ಅವನ ಮುಂದೆ ಸರಿಸಿದರು. ಕೆಳಗೆ ಸಹಿಗೆ ಜಾಗ ಬಿಟ್ಟಿದ್ದರು.

“ಕೆಲಸ ಹೋಗತ್ತೆ ಕಣ್ರೀ” ಎಂದರು ಸಲಹೆಗಾರರು.

ಸೀಮೆಸುಣ್ಣ ಎರಡು ಸಲ ಓದಿ ಸಹಿ ಹಾಕಿದ.

“ಅಕ್ಕಂಗೆ ಯಾರು ಹೇಳ್ತಾರೆ?” ಎಂದ ಕಿರಿಯವನು, ಭಾವನ ಮುಖ ನೋಡದೆ.

“ನಾನೇ. ಇವತ್ತೇ.”

ಕಿರಿಯವನು ಮೇಜಿನ ಕಾಲಿನ ಹಳದಿ ಗುರುತನ್ನು ನೋಡಿದ. ಆಮೇಲೆ ನೋಟ್‌ಬುಕ್ಕನ್ನು ತನ್ನ ಕಡೆ ಎಳೆದುಕೊಂಡು, ಭಾವನ ಸಹಿಯ ಕೆಳಗೆ ಬರೆದ: ‘ಬಾಗಿಲು ಕಂಡಿತ್ತು. ಗುರುತೂ ಕಂಡಿತ್ತು. ಬೂಟು ನನ್ನದು.’

ಸಲಹೆಗಾರರು ಕಾನೂನು ಪುಸ್ತಕದ ಆ ಪುಟದಲ್ಲಿಟ್ಟುಕೊಂಡಿದ್ದ ಬೆರಳನ್ನು ಮೆಲ್ಲಗೆ ಹೊರತೆಗೆದರು.